ಬಾರದ ದೋಣಿಯ ಬಗ್ಗೆ ಒಂದೂವರೆ ಪುಟ

ಪುಸ್ತಕ ಓದುವವರಿಗೆ ಒಂದು ಕೆಟ್ಟ ಚಾಳಿ ಇರುತ್ತದೆ. ತಾವು ಓದಿ ಸುಮ್ಮನಿರುವುದಿಲ್ಲ, ಇನ್ನೊಬ್ಬರಿಗೂ ಓದಿಸಬೇಕು. ಮದುವೆ ಊಟದಲ್ಲಿ ತಾವು ಉಂಡದ್ದು ಸಾಲದೆ ಪಕ್ಕದ ಎಲೆಯವರಿಗೆ "ಇನ್ನೊಂದು ಹೋಳಿಗೆ ಹಾಕಿಸ್ಕೊಳ್ಳಿ" ಎಂದು ಪೀಡಿಸುತ್ತಾರಲ್ಲ, ಅಂಥವರ ಪೈಕಿ. ನಾನಂತೂ ಈ ಚಾಳಿಯಲ್ಲಿ ಪಳಗಿದವನು. ನನ್ನ ಹೆಂಡತಿ ಮಂಗಳಾ ಹೇಳುವ ಪ್ರಕಾರ, ಮದುವೆಯಾದ ಮೇಲೆ ನಾನು ಅವಳ ಜೊತೆ ಆಡಿದ ಮೊದಲ ಮಾತೇ "ಈ ಕಾದಂಬರಿ ಓದಿದ್ದೀಯಾ?" ಎಂಬುದು. ಅವಳು ಓದಿರಲಿಲ್ಲ. ಇವತ್ತಿಗೂ ಓದಿಲ್ಲ. ಸಂಸಾರ ಚೆನ್ನಾಗಿಯೇ ನಡೆದಿದೆ.

ಆ ವರ್ಷಗಳಲ್ಲಿ ನನ್ನ ಮನೆ ಚಾಮರಾಜನಗರದಲ್ಲಿ, ಕೆಲಸ ಗುಂಡ್ಲುಪೇಟೆಯಲ್ಲಿ. ಜಮೀನು, ಸೈಟುಗಳ ಪತ್ರ ನೋಂದಾಯಿಸುವ ಕಚೇರಿಯ ಗುಮಾಸ್ತ ನಾನು. ಬಂದ ಪತ್ರದ ಹಾಳೆಗಳನ್ನು ಎಣಿಸುವುದು, ಪ್ರತಿ ಹಾಳೆಯ ಮೇಲೂ ಇದು ಎಷ್ಟನೆಯದು, ಒಟ್ಟು ಎಷ್ಟು ಎಂದು ಬರೆದು ಮೊಹರು ಒತ್ತುವುದು ನನ್ನ ದಿನಚರಿ. ಒಂದೇ ಒಂದು ಹಾಳೆ ಕಮ್ಮಿಯಿದ್ದರೂ, ಬಂದವರು ಎಂಥ ಗತ್ತಿನ ಯಜಮಾನರಾಗಿರಲಿ, ತೆರಕಣಾಂಬಿಯಿಂದ ಬಿಸಿಲಲ್ಲಿ ಬಂದ ಮುದುಕರಾಗಿರಲಿ, ಮುಲಾಜಿಲ್ಲದೆ ವಾಪಸು ಕಳಿಸುತ್ತಿದ್ದೆ. "ಈ ಗುಮಾಸ್ತನ ಕಣ್ಣಿಗೆ ಹಾಳೆ ತಪ್ಪಾಕಿಲ್ಲ ಕಣ್ಲಾ" ಎಂದು ಹೊರಗಡೆ ಮಾತಾಡಿಕೊಳ್ಳುವುದು ಕೇಳಿ ಒಳಗೊಳಗೇ ಬೀಗುತ್ತಿದ್ದೆ. ಈ ಸಂಗತಿ ನಿಮಗೆ ನೆನಪಿರಲಿ. ಮುಂದೆ ನನ್ನ ಮಾನ ಹೋಗುವುದು ಇದೇ ವಿಷಯದಲ್ಲಿ.

ದಿನವೂ ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಓದುತ್ತಿದ್ದೆ. ಕಿಟಕಿ ಪಕ್ಕದ ಸೀಟು ಸಿಕ್ಕಿದರೆ ಮೂವತ್ತು ಪುಟ, ನಿಂತರೆ ಹತ್ತು. ಮೊಬೈಲಿನಲ್ಲಿ ಕನ್ನಡ ಅಕ್ಷರಗಳು ಇನ್ನೂ ಬರೀ ಚೌಕ ಚೌಕವಾಗಿ ಕಾಣುತ್ತಿದ್ದ ಕಾಲ ಅದು. ಆದರೂ ನಮ್ಮಲ್ಲಿ ಕೆಲವರಿಗೆ ಬ್ಲಾಗಿನ ಹುಚ್ಚು ಹತ್ತಿತ್ತು. ನಾನೂ 'ಬಸ್ಸಿನಲ್ಲಿ ಓದಿದ್ದು' ಎಂಬ ಬ್ಲಾಗು ಶುರುಮಾಡಿ, ಭಾನುವಾರ ಬೆಳಿಗ್ಗೆ ತಿಂಡಿ ತಿಂದು, ದೇವಸ್ಥಾನಕ್ಕೆ ಹೊರಟವನ ಗಾಂಭೀರ್ಯದಲ್ಲಿ ಸೈಬರ್ ಸೆಂಟರಿಗೆ ಹೋಗಿ ಕೂರುತ್ತಿದ್ದೆ. ಅರ್ಧ ಬರೆದಾಗ ಕರೆಂಟು ಹೋಗುವುದು, ಬಂದ ಮೇಲೆ ಮೊದಲಿಂದ ಬರೆಯುವುದು ಇದ್ದದ್ದೇ. ಓದುಗರು ಎಂದರೆ ನನ್ನ ಹಾಗೆಯೇ ಬ್ಲಾಗು ಇಟ್ಟುಕೊಂಡ ಏಳು ಮಂದಿ. ಅವರು ನನ್ನದನ್ನು ಓದಿ "ಸೊಗಸಾಗಿದೆ" ಎನ್ನುತ್ತಿದ್ದರು, ನಾನು ಅವರದನ್ನು ಓದಿ "ಮನಮುಟ್ಟಿತು" ಎನ್ನುತ್ತಿದ್ದೆ. ಇಷ್ಟು ಸುಖದ ಸಾಹಿತ್ಯ ಜೀವನ ದೊಡ್ಡ ಲೇಖಕರಿಗೂ ಇರಲಾರದು.

ನಮ್ಮ ಎಂಟು ಜನರ ಹಬ್ಬವೆಂದರೆ 'ಮಳೆಗಾಲದ ಓದು'. ಆಷಾಢದಲ್ಲಿ ಆರಂಭ, ಆಯುಧಪೂಜೆಗೆ ಮುಕ್ತಾಯ, ಅಷ್ಟರಲ್ಲಿ ಪ್ರತಿಯೊಬ್ಬರೂ ಹನ್ನೆರಡು ಪುಸ್ತಕ ಓದಿ ಬರೆಯಬೇಕು. ಅದರಲ್ಲಿ ಒಂದು ಮಾತ್ರ ಇನ್ನೊಬ್ಬರು ಶಿಫಾರಸು ಮಾಡಿದ್ದು. ಯಾರ ಶಿಫಾರಸು ಯಾರಿಗೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದೆವು. ಸಂಚಾಲಕ ನಾನೇ. ಯಾರೂ ನೇಮಿಸಿರಲಿಲ್ಲ, ನಾನೇ ನೇಮಿಸಿಕೊಂಡಿದ್ದೆ. ಗುಂಪಿನಲ್ಲಿ ನನಗೆ ಮುಖಪರಿಚಯವಿದ್ದವರು ಇಬ್ಬರೇ. ಒಬ್ಬರು ಉಡಿಗಾಲದಲ್ಲಿದ್ದ ನಿವೃತ್ತ ಶಿಕ್ಷಕಿ ಪುಟ್ಟಗೌರಮ್ಮ ಟೀಚರ್. ಒಂದೇ ಬೆರಳಲ್ಲಿ ಟೈಪು ಮಾಡಿದರೂ ಅಲ್ಪಪ್ರಾಣ ಮಹಾಪ್ರಾಣ ತಪ್ಪುತ್ತಿರಲಿಲ್ಲ. ಇನ್ನೊಬ್ಬ ನಂಜುಂಡ, ಗುಂಡ್ಲುಪೇಟೆಯ ಒಂದು ಲಾರಿ ಆಫೀಸಿನಲ್ಲಿ ಕೇರಳಕ್ಕೆ ಹೋಗುವ ಈರುಳ್ಳಿ ಲೋಡುಗಳಿಗೆ ಚೀಟಿ ಬರೆಯುವವನು.

ಆ ವರ್ಷ ಹದಿನೈದು ದಿನ ಕಳೆಯುವುದರೊಳಗೆ ನಂಜುಂಡ ನಾಲ್ಕು ಪುಸ್ತಕ ಮುಗಿಸಿದೆನೆಂದು ಬರೆದ. ಒಂದೊಂದಕ್ಕೂ ನಾಲ್ಕೇ ಸಾಲು. ಕತೆ ಎಲ್ಲಿ ಶುರುವಾಗುತ್ತದೆ, ಯಾಕೆ ಹಿಡಿಸಿತು, ಅಷ್ಟೇ. ನನಗೆ ಅನುಮಾನ ಬಂತು. ನಿಜ ಹೇಳಬೇಕೆಂದರೆ ಅನುಮಾನಕ್ಕಿಂತ ಮೊದಲು ಹೊಟ್ಟೆಕಿಚ್ಚು ಬಂತು, ನಾನಿನ್ನೂ ಒಂದರಲ್ಲೇ ಇದ್ದೆ. "ಕೊನೆಯ ಬಗ್ಗೆ ಒಂದು ಮಾತೂ ಇಲ್ಲ. ಪೂರ್ತಿ ಓದಿದ್ದೀರಾ?" ಎಂದು ಎಲ್ಲರಿಗೂ ಕಾಣುವ ಹಾಗೆ ಅವನ ಬ್ಲಾಗಿನಲ್ಲಿ ಕೇಳಿದೆ. "ಕೊನೆ ಹೇಳಿಬಿಟ್ಟರೆ ಓದುವವರಿಗೆ ಏನು ಉಳಿಯುತ್ತದೆ ಸಾರ್?" ಎಂದು ಉತ್ತರಿಸಿದ. ಇದು ಜಾರಿಕೊಳ್ಳುವ ಉತ್ತರ ಎಂದು ನಿರ್ಧರಿಸಿ ಅವನ ಹೆಸರನ್ನು ಪಟ್ಟಿಯಿಂದ ತೆಗೆದುಬಿಟ್ಟೆ. ಅವನು ಜಗಳ ಮಾಡಲಿಲ್ಲ. "ಆಗಲಿ ಸಾರ್" ಎಂದಷ್ಟೇ ಬರೆದು ಸುಮ್ಮನಾದ. ಓದುವುದನ್ನು ಬಿಡಲಿಲ್ಲ, ಬರೆಯುವುದನ್ನು ಬಿಟ್ಟ.

ಈ ನ್ಯಾಯತೀರ್ಮಾನ ಮುಗಿಸಿದ ವಾರದಲ್ಲೇ ನಾನು ಶಿಫಾರಸು ಮಾಡುವ ಪುಸ್ತಕ ಆರಿಸಬೇಕಿತ್ತು. ಗುಂಡ್ಲುಪೇಟೆಯಲ್ಲಿ ಒಂದು ಬಾಡಿಗೆ ಪುಸ್ತಕದಂಗಡಿ ಇತ್ತು. ಅಲ್ಲಿ ರಟ್ಟು ಹಾಕಿ ಭದ್ರವಾಗಿ ಹೊಲಿದ ಹಳೆಯದೊಂದು ಕಾದಂಬರಿ ಸಿಕ್ಕಿತು. ಹೆಸರು ಹೇಳುವುದಿಲ್ಲ, ಲೇಖಕರಿಗೆ ವಿಷಯ ತಲುಪಿದರೆ ಎಂಬ ಭಯ ನನಗೆ ಈಗಲೂ ಇದೆ. ಅಮ್ಮನ ಜೊತೆ ಜಗಳವಾಡಿ ಮನೆಬಿಟ್ಟುಹೋದ ಗಂಗೆ ಎಂಬವಳು ಎಷ್ಟೋ ವರ್ಷದ ಮೇಲೆ ಊರಿಗೆ ಹೊರಟು ಹೊಳೆದಂಡೆಯಲ್ಲಿ ಟ್ರಂಕು ಹಿಡಿದು ನಿಲ್ಲುತ್ತಾಳೆ. 'ದೋಣಿ ಇನ್ನೂ ಬಂದಿರಲಿಲ್ಲ.' ಅಷ್ಟೇ, ಅದರಾಚೆ ರಟ್ಟು. ತೆರಕಣಾಂಬಿ ಸ್ಟಾಪಿನಲ್ಲಿ ಈ ಸಾಲು ಓದಿ ನನಗೆ ಮೈ ಜುಮ್ಮೆಂದಿತು. ಆ ಭಾನುವಾರ ಬಾರದ ಆ ದೋಣಿಯ ಬಗ್ಗೆ ಒಂದೂವರೆ ಪುಟ ಬರೆದೆ. ದೋಣಿ ಎಂದರೆ ಕ್ಷಮೆ, ಹೊಳೆ ಎಂದರೆ ಕಾಲ, ಕತೆಯನ್ನು ಹೀಗೆ ದಡದಲ್ಲೇ ನಿಲ್ಲಿಸುವುದಕ್ಕೆ ಎಂಥ ಗುಂಡಿಗೆ ಬೇಕು, ಇತ್ಯಾದಿ. ಕೊನೆಯಲ್ಲಿ "ಪುಸ್ತಕವನ್ನು ಕಟ್ಟಕಡೆಯ ಸಾಲಿನವರೆಗೆ ಓದುವ ಸಂಯಮ ಇರುವವರಿಗೆ ಮಾತ್ರ ಇದು ದಕ್ಕುತ್ತದೆ" ಎಂದು ಸೇರಿಸಿದೆ. ಅದು ನಂಜುಂಡನಿಗೆ ಹೊಡೆದ ಏಟು.

ಚೀಟಿ ಎತ್ತಿದಾಗ ನನ್ನ ಶಿಫಾರಸು ಪುಟ್ಟಗೌರಮ್ಮ ಟೀಚರಿಗೆ ಬಂತು. ಅವರು ಅಂಗಡಿಗಳಲ್ಲೆಲ್ಲ ವಿಚಾರಿಸಿ, ಸಿಗದೆ, ಕೊನೆಗೆ ಉಮ್ಮತ್ತೂರಿನ ತಂಗಿ ಮನೆಯ ಪೆಟ್ಟಿಗೆಯಿಂದ ಒಂದು ಪ್ರತಿ ಹುಡುಕಿ ತಂದರಂತೆ. ಮೂರು ವಾರದ ಮೇಲೆ ನನ್ನ ಬ್ಲಾಗಿನಲ್ಲಿ ಅವರ ಪ್ರತಿಕ್ರಿಯೆ ಕಂಡಿತು. "ಪುಸ್ತಕ ಬಹಳ ಹಿಡಿಸಿತು, ಓದಿಸಿದ್ದಕ್ಕೆ ವಂದನೆ. ಆದರೆ ಸಣ್ಣ ಅನುಮಾನ. ನನ್ನ ಪ್ರತಿಯಲ್ಲಿ ಮುಂದಿನ ಪುಟದ ಮೊದಲನೇ ಸಾಲಿನಲ್ಲೇ ದೋಣಿ ಬರುತ್ತದೆ. ಆಮೇಲೆ ಇನ್ನೂ ಹದಿನಾರು ಪುಟ ಇದೆ. ನಿಮ್ಮದು ಬೇರೆ ಮುದ್ರಣವೇ?"

ಸೈಬರ್ ಸೆಂಟರಿನ ಫ್ಯಾನು ತಿರುಗುತ್ತಿತ್ತು, ನಾನು ಬೆವರುತ್ತಿದ್ದೆ. ಸೋಮವಾರ ಅಂಗಡಿಗೆ ಹೋಗಿ ಪುಸ್ತಕ ತೆಗೆಸಿ ನೋಡಿದರೆ, ರಟ್ಟು ಹಾಕುವ ಮೊದಲೇ ಕೊನೆಯ ಹಾಳೆಗಳು ಉದುರಿಹೋಗಿದ್ದದ್ದು ಹೊಲಿಗೆಯಲ್ಲೇ ತಿಳಿಯುತ್ತಿತ್ತು. ದಿನಕ್ಕೆ ನೂರಾರು ಹಾಳೆ ಎಣಿಸುವ ನಾನು ಅದೊಂದನ್ನು ಎಣಿಸಿರಲಿಲ್ಲ. ಮುಂದಿನ ಎರಡು ಭಾನುವಾರ ಸೈಬರ್ ಸೆಂಟರಿನ ಬೀದಿಯ ಕಡೆಗೇ ತಲೆ ಹಾಕಲಿಲ್ಲ. ಬ್ಲಾಗನ್ನೇ ಅಳಿಸಿಬಿಡೋಣ ಅಂದುಕೊಂಡೆ. ಮಂಗಳಾ ಒತ್ತಾಯಿಸಿ ವಿಷಯ ಬಾಯಿಬಿಡಿಸಿದಳು. ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. "ನೀವು ತಪ್ಪು ಬರ್ದಿದ್ದು ಓಗ್ಲಿ, ಯಾರಿಗೆ ನಷ್ಟ? ಆ ಲಾರಿ ಆಫೀಸ್ನವ್ರು ಓದಿದ್ರೂ ಓದಿಲ್ಲ ಅಂತ ನೀವ್ ಅಂದ್ಬುಟ್ರಲ್ಲ, ಅದುಕ್ಕೇನ್ ಮಾಡ್ತೀರಿ?" ಎಂದಳು. ಒಂದೂ ಕಾದಂಬರಿ ಓದದವಳು ಇಡೀ ಕತೆಯ ತಿರುಳನ್ನು ಹೀಗೆ ಎತ್ತಿ ಮುಂದಿಟ್ಟಳು. ನಾಚಿಕೆಯಾಯಿತು. ಮೂರನೇ ಭಾನುವಾರ ಹೋಗಿ ಬರೆದೆ. "ನನ್ನ ಪ್ರತಿಯಲ್ಲಿ ಕೊನೆಯ ಪುಟಗಳಿರಲಿಲ್ಲ. ಅದು ನನಗೆ ತಿಳಿಯಲೂ ಇಲ್ಲ. ಪೂರ್ತಿ ಓದದೆ ಬರೆದವನು ನಾನು, ನಂಜುಂಡ ಅಲ್ಲ. ಅವರ ಹೆಸರು ಪಟ್ಟಿಗೆ ಮರಳಿದೆ, ನನ್ನದು ತೆಗೆದಿದ್ದೇನೆ. ಅವರು ಕ್ಷಮಿಸಬೇಕು."

ಬೈಗುಳಕ್ಕೆ ಸಿದ್ಧನಾಗಿದ್ದೆ. ಒಬ್ಬರೂ ಬೈಯಲಿಲ್ಲ. ಒಬ್ಬರು "ನನಗೂ ಹೀಗೇ ಆಗಿತ್ತು, ಹೇಳಿಕೊಂಡಿರಲಿಲ್ಲ" ಎಂದರು. ಇನ್ನೊಬ್ಬರು ಬಾರದ ದೋಣಿಯ ಕತೆಯೇ ಚೆನ್ನಾಗಿತ್ತು ಎಂದರು. ಮುಖ ಕಾಣದ ಮಂದಿ ಇಷ್ಟು ಒಳ್ಳೆಯವರಾಗಿರುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ನಂಜುಂಡ ಮಾತ್ರ ಏನೂ ಬರೆಯಲಿಲ್ಲ. ನನಗೆ ಬೇಕಿದ್ದದ್ದು ಅವನ ಒಂದು ಮಾತು.

ಹದಿನೈದು ಹದಿನಾರು ದಿನ ಕಳೆದಿರಬೇಕು. ಸಂಜೆ ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ನಂಜುಂಡ ಎದುರಿಗೆ ಬಂದು ದಾರದಲ್ಲಿ ಕಟ್ಟಿದ ಚೀಟಿಗಳ ಕಂತೆಯೊಂದನ್ನು ಕೈಗಿಟ್ಟ. "ತಕ್ಕಳಿ ಸಾ, ನಿಮ್ ದೋಣಿ. ಟೀಚರ್ ಪುಸ್ತಕ ಮನೆಯಿಂದ ಆಚೆ ಕೊಡಾಕಿಲ್ಲ ಅಂದ್ರು, ಜೆರಾಕ್ಸ್ ಮಾಡುದ್ರೆ ಬೆನ್ನು ಮುರೀತದೆ ಅಂದ್ರು. ಅದ್ಕೆ ಎರಡು ಭಾನ್ವಾರ ಉಡಿಗಾಲಕ್ಕೋಗಿ ಕುಂತ್ಕಂಡು ಬರ್ಕೊಬಂದೆ. ಊಟನೂ ಆಯ್ತು ಬುಡಿ." ಲಾರಿ ಆಫೀಸಿನ ಹಳೇ ಚೀಟಿಗಳ ಬೆನ್ನಿನಲ್ಲಿ ಹದಿನಾರು ಪುಟವನ್ನೂ ಮುದ್ದಾದ ಅಕ್ಷರದಲ್ಲಿ ನಕಲು ಮಾಡಿದ್ದ. ಬಸ್ಸು ಬಂತು, ಹತ್ತಿದೆ. ಥ್ಯಾಂಕ್ಸ್ ಎಂದೆನೋ ಇಲ್ಲವೋ ನೆನಪಿಲ್ಲ.

ಬಸ್ಸಿನಲ್ಲಿ ಓದಿದೆ. ದೋಣಿ ನಿಜವಾಗಿಯೂ ಬಂತು. ಗಂಗೆ ಹೊಳೆ ದಾಟಿದಳು, ಗದ್ದೆ ಬದು ಹಿಡಿದು ನಡೆದಳು, ಕತ್ತಲಾಗುವ ಹೊತ್ತಿಗೆ ಅಮ್ಮನ ಮನೆಯ ಬಾಗಿಲು ತಟ್ಟಿದಳು. 'ಒಳಗೆ ಹೆಜ್ಜೆ ಸಪ್ಪಳವಾಯಿತು.' ಚೀಟಿಗಳು ಮುಗಿದವು. ಆಹಾ ಅಂದುಕೊಂಡೆ. ಮರುದಿನ ಬೆಳಿಗ್ಗೆ ಕಚೇರಿಗೂ ಹೋಗದೆ ನೇರ ಲಾರಿ ಆಫೀಸಿಗೆ ಹೋದೆ. ಹೊರಗೆ ಈರುಳ್ಳಿ ಮೂಟೆ ಲೋಡಾಗುತ್ತಿತ್ತು. ನಂಜುಂಡ ನನಗೂ ಒಂದು ಟೀ ತರಿಸಿದ. "ಎಂಥ ಮುಕ್ತಾಯ ನಂಜುಂಡ! ಬಾಗಿಲು ತೆರೆಯಿತೋ ಇಲ್ಲವೋ ಹೇಳುವುದೇ ಇಲ್ಲ ನೋಡು. ಆ ಹೆಜ್ಜೆ ಸಪ್ಪಳದಲ್ಲೇ..." ಎಂದು ಶುರುಮಾಡಿದೆ. ಅವನು ನನ್ನನ್ನೇ ನೋಡುತ್ತಾ ಅಂಗಿ ಜೇಬಿಗೆ ಕೈಹಾಕಿ ಇನ್ನೊಂದು ಚೀಟಿ ತೆಗೆದ.

"ಕೊನೇದು ಇಲ್ಲೇ ಮಡೀಕಂಡಿದ್ದೆ ಸಾ. ಈ ಸಲನಾದ್ರೂ ಕಮ್ಮಿ ಐತೆ ಅಂತ ಕೇಳ್ತೀರಾ ನೋಡನ ಅಂತ."

ಹಮಾಲಿಗಳೆಲ್ಲ ತಿರುಗಿ ನೋಡುವಷ್ಟು ನಕ್ಕ. ಪಟ್ಟಿಯಿಂದ ಹೆಸರು ಹೊಡೆಸಿಕೊಂಡವನು ಬಡ್ಡಿ ಸಮೇತ ತೀರಿಸಿಕೊಂಡ ನಗು ಅದು. ಅದರಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ. ನಾನೂ ನಕ್ಕು ಚೀಟಿ ಓದಿದೆ. ಅಮ್ಮ ಬಾಗಿಲು ತೆಗೆಯುತ್ತಾಳೆ. ಎಲ್ಲಿದ್ದೆ, ಯಾಕೆ ಹೋದೆ, ಒಂದನ್ನೂ ಕೇಳುವುದಿಲ್ಲ. "ಕೈಕಾಲು ತೊಳೆದುಕೊಂಡು ಬಾ, ಅನ್ನ ಆರಿಹೋಗುತ್ತದೆ" ಎನ್ನುತ್ತಾಳೆ. ಅಷ್ಟೇ.

ಸ್ವಲ್ಪ ಹೊತ್ತು ಮೂಟೆ ಏರಿಸುವುದನ್ನೇ ನೋಡುತ್ತಾ ಕುಳಿತೆ. ಆಮೇಲೆ, ಎರಡು ಸಲ ಮೋಸಹೋದವನಲ್ಲವೇ, ಚೀಟಿಯನ್ನು ಮೆಲ್ಲಗೆ ತಿರುಗಿಸಿ ನೋಡಿದೆ. ಹಿಂದುಗಡೆ 'ಈರುಳ್ಳಿ, ಎಂಬತ್ತು ಮೂಟೆ, ಸುಲ್ತಾನ್ ಬತ್ತೇರಿ' ಎಂದಿತ್ತು.

"ಇನ್ನೇನಿಲ್ಲ ಸಾ, ಮುಗೀತು" ಎಂದು ನಂಜುಂಡ ಲೋಟವನ್ನು ನನ್ನ ಕಡೆ ಸರಿಸಿದ. "ಟೀ ಕುಡೀರಿ, ಆರೋಯ್ತದೆ."

ಕುಡಿದೆ. ಆ ವರ್ಷದ ಮಳೆಗಾಲದಲ್ಲಿ ನಾನು ಕೊನೆಯವರೆಗೆ ಮುಗಿಸಿದೆನೆಂದು ಪ್ರಮಾಣ ಮಾಡಿ ಹೇಳಬಲ್ಲದ್ದು ಆ ಟೀ ಒಂದನ್ನೇ.