ಮೂರು ಫ್ಯಾನಿನದೋ, ಎರಡು ಫ್ಯಾನಿನದೋ

ಮಕ್ಕಳು ನಮ್ಮ ಸಲಹೆ ಕೇಳುವುದನ್ನು ಯಾವ ದಿನ ನಿಲ್ಲಿಸಿದರು ಎಂಬುದು ಯಾವ ತಂದೆಗೂ ಆ ದಿನ ಗೊತ್ತಾಗುವುದಿಲ್ಲ. ಬಹಳ ಕಾಲದ ಮೇಲೆ, ಕೊಡದೆ ಉಳಿದ ಸಲಹೆಗಳು ತಲೆಯೊಳಗೆ ರಾಶಿ ಬಿದ್ದಾಗ, ಓಹೋ ಎನಿಸುತ್ತದೆ. ನನ್ನ ಮಗಳು ಶ್ವೇತಾ ಏಳನೆಯ ಇಯತ್ತೆ ದಾಟಿದ ಮೇಲೆ ನನ್ನನ್ನು ಏನೂ ಕೇಳಿರಲಿಲ್ಲ. ಈಗ ಅವಳು ಗೋರೆಗಾಂವ್‌ನ ಕಾಲೇಜಿನಲ್ಲಿ ಕೊನೆಯ ವರ್ಷದಲ್ಲಿದ್ದಾಳೆ. ಹೀಗಿರುವಾಗ ಒಂದು ಭಾನುವಾರ ನಾನು ಬಸಿಯಲ್ಲಿ ಚಹಾ ಸುರಿದುಕೊಂಡು ಕೂತಿದ್ದಾಗ ಬಂದು, "ಅಪ್ಪಾ, ಗ್ರಾಫಿಕ್ಸ್ ಕಾರ್ಡ್ ಲೇನೇಕಾ ಹೈ. ಎರಡರಾಗ ಯಾವ್ದು ಅಂತ ನೀವ ಹೇಳ್ರಿ" ಎಂದಳು. ಗ್ರಾಫಿಕ್ಸ್ ಕಾರ್ಡ್ ಎಂದರೇನೆಂದು ನನಗೆ ಗೊತ್ತಿರಲಿಲ್ಲ. ಆದರೆ ಕೇಳಿದ್ದಾಳಲ್ಲ, ಅದೇ ದೊಡ್ಡದು. ತಪ್ಪು ಹೇಳಿದರೆ ಇನ್ನೊಮ್ಮೆ ಕೇಳಲಾರಳು ಎಂಬ ಭಯದಲ್ಲೇ ಚಪ್ಪಲಿ ಮೆಟ್ಟಿಕೊಂಡೆ.

ನಾನು ಫರ್ಶಿ ಕೂಡಿಸುವವನು. ಬಾಗಲಕೋಟೆ ಬಿಟ್ಟು ಮುಂಬಯಿಗೆ ಬಂದಾಗಿನಿಂದ ದಹಿಸರ್‌ನಿಂದ ಚೆಂಬೂರಿನವರೆಗೆ ಸಾವಿರಾರು ಜನ ನಾನು ಹಾಕಿದ ನೆಲದ ಮೇಲೆ ನಡೆದಾಡುತ್ತಿದ್ದಾರೆ, ಅವರಿಗೆ ಗೊತ್ತಿಲ್ಲ ಅಷ್ಟೆ. ಎಲ್ಲಿಗೆ ಹೊರಟರೂ ಜೇಬಿನಲ್ಲಿ ಅಳತೆಯ ಟೇಪು ಇರುತ್ತದೆ. ನೆಂಟರ ಮನೆಗೆ ಹೋದಾಗ ಅವರ ಮೋರಿ ಅಳೆದು ಹೆಂಡತಿಯಿಂದ ವಾರಗಟ್ಟಲೆ ಮಾತು ಕೇಳಿದ್ದೇನೆ.

ಲೋಕಲ್ ಟ್ರೇನಿನಲ್ಲಿ ಶ್ವೇತಾ ವಿಷಯ ಬಿಡಿಸಿ ಹೇಳಿದಳು. ಕಂಪ್ಯೂಟರಿನೊಳಗೆ ಕೂತು ಪರದೆಗೆ ಚಿತ್ರ ಮೂಡಿಸುವ ಡಬ್ಬಿಯಂತೆ ಅದು. ಮುಂದಿನ ತಿಂಗಳು ಕಾಲೇಜುಗಳ ನಡುವೆ ಗೇಮಿಂಗ್ ಸ್ಪರ್ಧೆ, ಇವಳು ತಂಡದಲ್ಲಿದ್ದಾಳೆ. ಬೆಲೆ ಎರಡಕ್ಕೂ ಒಂದೇ. ಮೂರು ಫ್ಯಾನಿನ ಕಾರ್ಡು ವೇಗದ್ದು, ಶತ್ರು ರೆಪ್ಪೆ ಬಡಿಯುವಷ್ಟು ಮೊದಲೇ ಕಾಣುತ್ತಾನಂತೆ. ಎರಡು ಫ್ಯಾನಿನದರಲ್ಲಿ ಬೆಳಕು ನಿಜದ ಹಾಗೆ ಬೀಳುತ್ತದಂತೆ. ಮನೆಗೇ ಎರಡು ಫ್ಯಾನು, ಡಬ್ಬಿಗೆ ಮೂರು ಯಾಕೆ ಎಂದು ನನ್ನ ಹೆಂಡತಿ ಹೊರಡುವಾಗಲೇ ಕೇಳಿದ್ದಳು.

ಅಂಗಡಿಯವನು ಮೊದಲು ಎರಡು ಫ್ಯಾನಿನದನ್ನು ಪರದೆಯಲ್ಲಿ ತೋರಿಸಿದ. ನಾನು ತೆರೆದ ಬಾಯಿ ಮುಚ್ಚಲಿಲ್ಲ. ಯಾವುದೋ ಹಾಳುಬಿದ್ದ ಆಸ್ಪತ್ರೆಯ ಉದ್ದನೆಯ ಪಡಸಾಲೆ. ನೆಲಕ್ಕೆ ಕರಿ ಬಿಳಿ ಫರ್ಶಿ, ಈಗಷ್ಟೇ ಒರೆಸಿದ ಹಾಗೆ ಒದ್ದೆ. ಮೇಲಿನ ಟ್ಯೂಬ್‌ಲೈಟಿನ ಬೆಳಕು ಅದರಲ್ಲಿ ಬಿದ್ದು, ಒಂದು ಫರ್ಶಿಯಿಂದ ಇನ್ನೊಂದಕ್ಕೆ ದಾಟುವಾಗ ಕೂದಲೆಳೆಯಷ್ಟು ಮುರಿಯುತ್ತಿತ್ತು. ಹಾಗೆ ಮುರಿಯುವುದು ಮೊಣಕಾಲೂರಿ ಕೆಲಸ ಮಾಡಿದವನಿಗೆ ಮಾತ್ರ ಗೊತ್ತು ಎಂದು ಇಷ್ಟು ದಿನ ನಂಬಿದ್ದೆ. ಎಲ್ಲೋ ಕುರ್ಚಿಯ ಮೇಲೆ ಕೂತು ಈ ಆಟ ಕಟ್ಟಿದ ಯಾರೋ ಪುಣ್ಯಾತ್ಮ ಅದನ್ನೂ ಕಂಡಿದ್ದಾನೆ. ನಿಜ ಹೇಳುತ್ತೇನೆ, ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಆ ನೆಲದ ಮೇಲೆ ಹೆಣವೊಂದು ಬಿತ್ತು. ಆಡಿ ನೋಡುತ್ತಿದ್ದ ಶ್ವೇತಾ ಯಾರನ್ನೋ ಹೊಡೆದಿದ್ದಳು. ಫರ್ಶಿ ಕಾಣುತ್ತಿಲ್ಲ, ಅವನನ್ನು ಸ್ವಲ್ಪ ಆಚೆ ಸರಿಸು ಎಂದೆ. ಮೋರಿಯ ಕಡೆ ವಾಟ ಕೊಟ್ಟಿಲ್ಲ, ನೀರು ಅಲ್ಲೇ ನಿಂತಿದೆ ಎಂಬುದೊಂದೇ ಕೊರತೆ. ಅದನ್ನು ಅಂಗಡಿಯವನಿಗೆ ಹೇಳಿದೆ. ಕಂಪನಿಗೆ ತಿಳಿಸುತ್ತೇನೆ ಎಂದ.

ಮೂರು ಫ್ಯಾನಿನದರಲ್ಲಿ ಅದೇ ಪಡಸಾಲೆ ಸರ್ರನೆ ಓಡಿತು, ಆದರೆ ನೆಲ ಮಾತ್ರ ಸಿಮೆಂಟು ಸಾರಿಸಿದಂತೆ ಮಂಕು. ಶ್ವೇತಾಳ ಮುಖ ಅರಳಿದ್ದು ಇದಕ್ಕೇ. ಸ್ಪರ್ಧೆ ಅವಳದು ಎಂದು ನನ್ನ ಮಾತು ನುಂಗಿಕೊಂಡೆ.

ಮನೆಯಲ್ಲಿ ಅವಳ ಕಂಪ್ಯೂಟರಿಗೆ ಇದ್ದಂಥದೇ ಕ್ಯಾಬಿನೆಟ್ಟು ಅಲ್ಲಿ ಬಾಯಿ ತೆರೆದು ಕೂತಿತ್ತು. ಕಾರ್ಡು ಅದರಲ್ಲಿ ಹಿಡಿಯುತ್ತದೆ, ಡಬ್ಬದ ಮೇಲೆ ಬರೆದಿದೆ ಎಂದ ಅಂಗಡಿಯವನು. ಮುಂಬಯಿಯಲ್ಲಿ ಮನೆ ಹುಡುಕಿದವನು ಬರೆದ ಅಳತೆ ನಂಬುತ್ತಾನೆಯೇ? "ಅದು ಗ್ವಾಡಿ ಹಿಡಿದು ಬಿಲ್ಟ್‌ಅಪ್ ಆತು. ಒಳಗಿನ ಕಾರ್ಪೆಟ್ ಎಷ್ಟು?" ಎಂದು ಕೇಳಿ ಟೇಪು ಬಿಚ್ಚಿದೆ. ಕ್ಯಾಬಿನೆಟ್ಟಿನ ಮುಂಬದಿಗೇ ಕೂಡಿಸಿದ್ದ ಫ್ಯಾನು ಒಳಗಿನ ಎರಡು ಬೆರಳು ಜಾಗ ತಿಂದಿತ್ತು. ಮೂರು ಫ್ಯಾನಿನ ಉದ್ದನೆಯ ಕಾರ್ಡು ಒಂದು ಬೆರಳು ಹೆಚ್ಚಾಗುತ್ತಿತ್ತು. ಅಂಗಡಿಯವನು ಏನೋ ಹೇಳಲು ಹೊರಟ, ಶ್ವೇತಾ ಅವನತ್ತ ನೋಡಿದಳು, ಅವನು ಸುಮ್ಮನಾದ. ಅಪ್ಪ ಹೇಳಿದ್ದು ಬರೋಬರಿ ಎಂದು ಅವಳು ಎರಡು ಫ್ಯಾನಿನದನ್ನೇ ಕಟ್ಟಿಸಿದಳು. ಬರುವಾಗ ಪಕ್ಕದ ಸೀಟಿನ ಅಪರಿಚಿತನಿಗೂ ಕಾರ್ಪೆಟ್ ಏರಿಯಾದ ಕಥೆ ಹೇಳಿದೆ.

ಅಂದಿನಿಂದ ದಿನಾ ಸಂಜೆ ಅವಳ ಪಕ್ಕ ಸ್ಟೂಲು ಹಾಕಿಕೊಂಡು ಕೂರತೊಡಗಿದೆ. ಕೋಟೆಗಳ ಕಲ್ಲುಹಾಸು, ಅರಮನೆಗಳ ಸಂಗಮರಿ ಕಲ್ಲು ನೋಡಿ ನೋಡಿ ಬೆರಗಾದೆ. ಸ್ಪರ್ಧೆಯಲ್ಲಿ ಅವಳ ತಂಡ ಎರಡನೆಯ ಸುತ್ತಿಗೇ ಸೋತಿತು.

ಅದಾದ ವಾರಕ್ಕೆ ಧೂಳು ಒರೆಸಲೆಂದು ಅವಳು ಕ್ಯಾಬಿನೆಟ್ಟು ಬಿಚ್ಚಿದಳು. ನಾಲ್ಕು ತಿರುಪು ತಿರುವಿ ಆ ಮುಂದಿನ ಫ್ಯಾನನ್ನು ನಿಮಿಷದಲ್ಲಿ ಕಿತ್ತು ಕೆಳಗಿಟ್ಟಳು. ಅದನ್ನು ತೆಗೆದು ಮೇಲ್ಗಡೆ ಕೂಡಿಸಲೂ ಬರುತ್ತದಂತೆ. ಅಂದರೆ ಮೂರು ಫ್ಯಾನಿನದೂ ಒಳಗೆ ಹಿಡಿಯುತ್ತಿತ್ತು. ಹಾಗಾದರೆ ಅಂದು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಫ್ಯಾನಿನ ಧೂಳು ಊದುತ್ತಲೇ ಹೇಳಿದಳು:

"ನಾ ಆಡೂದು ಮನ್ಯಾಗ ಯಾರ ನೋಡ್ತಿದ್ರು ಅಪ್ಪಾ? ಕೋಯೀ ನಹೀ. ಆ ಫರ್ಶಿ ಇದ್ರ ನೀವು ಬಾಜೂ ಬಂದು ಕೂಡ್ತೀರಿ, ಮುಝೆ ಪತಾ ಥಾ."

ನನ್ನ ಹತ್ತಿರ ಇರುವ ಫರ್ಶಿಯೇ ಬೇಕೆಂದು ಮನೆಯ ಯಜಮಾನರ ಬಾಯಿಂದಲೇ ಹೊರಡಿಸಿ, ನಿಮ್ಮ ಆಯ್ಕೆ ಭಾರಿ ಚೆನ್ನಾಗಿದೆ ಸಾಹೇಬರೇ ಎನ್ನುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದುಕೊಂಡಿದ್ದೆ. ಅದೇ ಕೆಲಸವನ್ನು ನನ್ನ ಮೇಲೆಯೇ, ನನ್ನ ಟೇಪಿನಿಂದಲೇ ಮಾಡಿದ್ದಳು. ಎಷ್ಟು ಸಫಾಯಿಯಾಗಿ ಮಾಡಿದ್ದಳೆಂದರೆ, ಸಂದು ಎಲ್ಲಿದೆ ಎಂದು ನನಗೇ ಕಂಡಿರಲಿಲ್ಲ.