ಮಾವನ ಪಟ್ಟಿಯ ಮೂರನೇ ಸಾಲು

ನಮ್ಮ ಸೋದರಮಾವನಿಗೆ ಲೋಕದಲ್ಲಿ ಎರಡೇ ಬಗೆಯ ಜನ: ಪಟ್ಟಿಯಲ್ಲಿರುವವರು, ಪಟ್ಟಿಯಲ್ಲಿಲ್ಲದವರು. ದೇವರೇ ಫೋನು ಹಿಡಿದು ಬಂದರೂ ಮೊದಲು ಕೇಳುವುದು, "ನಿಮ್ಮ ನಂಬರ್ ಬರಸೀರೇನ್ರಿ?"

ಮಾವ ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಎಲೆಕ್ಟ್ರಿಷಿಯನ್. ಅಲ್ಲಿ ಕಬ್ಬಿಣದ ಕಂಬದ ಮೇಲೆ ಧೂಳಿಗೂ ಹಬೆಗೂ ಜಗ್ಗದ ವೈಫೈ ಡಬ್ಬಿಯೊಂದಿದೆ. ಭತ್ತ ಬೇಯಿಸುವ ಬಾಯ್ಲರಿನ ಒತ್ತಡ ಎಷ್ಟೆಂಬ ಸುದ್ದಿ ಅದರ ಮೂಲಕವೇ ಕಂಟ್ರೋಲ್ ರೂಮಿಗೆ ಹೋಗಬೇಕು. ಅದೇ ದಾರಿಯಲ್ಲಿ ಎಲ್ಲರೂ ರೀಲ್ಸ್ ಹರಿಸಿದರೆ ಬಾಯ್ಲರಿನ ಮಾತು ಯಾರಿಗೆ ಕೇಳಬೇಕು? ಅದಕ್ಕೇ ಮಾವನ ಫಿಲ್ಟರ್. ಪ್ರತಿ ಯಂತ್ರಕ್ಕೂ ಫೋನಿಗೂ ಹುಟ್ಟುತ್ತಲೇ ಬಂದ ಒಂದು ನಂಬರಿರುತ್ತದೆ. ಅದು ಪಟ್ಟಿಯಲ್ಲಿದ್ದರೆ ಒಳಗೆ. ಇಲ್ಲದಿದ್ದರೆ ಬಾಗಿಲಲ್ಲೇ ನಮಸ್ಕಾರ!

ಮಾಲೀಕರ ಅಳಿಯ ಹೊಸಪೇಟೆಯಿಂದ ಬಂದು ಪಾಸ್‌ವರ್ಡ್ ಕೇಳಿದರು. ಮಾವ ದುಂಡಗೆ ಬರೆದುಕೊಟ್ಟರು. ಅರ್ಧ ತಾಸು ಒದ್ದಾಡಿದ ಅಳಿಯ, "ಯಾಕ್ರಿ, ಒಳಗ ಬಿಡವಲ್ದು?"

"ಪಾಸ್‌ವರ್ಡ್ ಕೇಳಿದ್ರಿ, ಕೊಟ್ಟೆ. ಒಳಗ ಬಿಡ್ರಿ ಅಂತ ಎಲ್ಲಿ ಕೇಳಿದ್ರಿ?"

ಇಂಥ ಮಾವನೂ ಒಮ್ಮೆ ಜಾರಿದರು. ಡಬ್ಬಿ ಪಟ್ಟಿಯನ್ನು ಮೇಲಿನಿಂದ ಓದುತ್ತದೆ. ಮೊದಲು ತಾಳೆಯಾದ ಸಾಲೇ ಅಂತಿಮ, ಮುಂದೆ ಓದುವುದಿಲ್ಲ. 'ಉಳಿದವರನ್ನು ತಡೆ' ಎಂಬ ಕೊನೆಯ ಸಾಲನ್ನು ಮಾವ ಮೊದಲಿಗೇ ಹಾಕಿಬಿಟ್ಟರು. ಬಾಯ್ಲರ್ ಹೊರಗೆ, ಮಾವನ ಲ್ಯಾಪ್‌ಟಾಪೂ ಹೊರಗೆ! ಬೆಂಕಿ ಆರಿಸಿ, ಡಬ್ಬಿಗೆ ನೇರ ಸಿಕ್ಕಿಸಲು ಕೇಬಲ್ ಹೆಗಲಿಗೆ ಹಾಕಿಕೊಂಡು ಕಂಬ ಹತ್ತಿದರು. ಕೆಳಗಿನಿಂದ ಪಕ್ಕದ ಮೆಟ್ರಿ ಹಳ್ಳಿಯ ಹಮಾಲನೊಬ್ಬ, "ಯಜಮಾನ್ರ, ನಿಮಗೂ ಪ್ರವೇಶ ಇಲ್ಲೇನ್ರಿ?"

"ನೋಡ್ಲೇ, ನನ್ನ ಫಿಲ್ಟರ್ ಎಷ್ಟು ಗಟ್ಟಿ ಐತಿ!"

ಆದರೆ ನನಗೊಂದು ಹಳೆಯ ಸಿಟ್ಟಿತ್ತು. ಓದು ಮುಗಿಸಿ ಕೆಲಸ ಹುಡುಕುತ್ತಿದ್ದಾಗ ನೇಮಕದ ಪತ್ರ ಇಮೇಲಿಗೆ ಬಂದಿತ್ತು. ಅಂದೇ ಓದಿ ಉತ್ತರಿಸಬೇಕೆಂದು ಕಚೇರಿಯಿಂದ ಕರೆ ಬಂತು, ಆದರೆ ಫೋನಿನಲ್ಲಿ ನೆಟ್ ಇಲ್ಲ. ಗಿರಣಿಗೆ ಓಡಿದೆ. "ನಿನ್ನ ಹೆಸರು ಪಟ್ಟ್ಯಾಗ ಐತೇನು? ನಡಿ ಹೊರಗ!" ಎಂದು ಬೈದರು. ಹೊಸಪೇಟೆ ಬಸ್ ನಿಲ್ದಾಣಕ್ಕೆ ಹೋಗಿ, ಅಲ್ಲಿನ ಉಚಿತ ವೈಫೈಯಲ್ಲಿ ಉತ್ತರಿಸಿದೆ. ಉತ್ತರ ಕಳಿಸಿದ ಆ ಗಳಿಗೆ ಇಂದಿಗೂ ಕಣ್ಣಿಗೆ ಕಟ್ಟಿದೆ: ಕೈಯಲ್ಲಿ ಫೋನು, ಸುತ್ತ ಜನರ ಗದ್ದಲ, ಬೆಂದ ಭತ್ತದ ಬಿಸಿ ವಾಸನೆ. ಪ್ರತಿ ಮದುವೆಯಲ್ಲೂ ಈ ಕಥೆ ಹೇಳಿ ನಗಿಸಿದ್ದೇನೆ. ವಿಶ್ವವಿದ್ಯಾಲಯ ಕಲಿಸಿದಂತೆ ಎಲ್ಲರ ಮಾತಿಗೂ ಪುರಾವೆ ಕೇಳುವವನು ನಾನು, ನನ್ನದೊಂದು ಬಿಟ್ಟು!

ಕಳೆದ ತಿಂಗಳು ಹೊಸ ಡಬ್ಬಿ ಬಂತು. ಮಾವನಿಗೆ ಕಣ್ಣಿನ ಆಪರೇಷನ್ ಆಗಿತ್ತು. ಮಧ್ಯಾಹ್ನ ಬಾಯ್ಲರ್ ಹಚ್ಚುವುದರೊಳಗೆ ಪಟ್ಟಿ ಏರಿಸಬೇಕು. ಅವರ ನೋಟ್‌ಬುಕ್ ನೋಡಿ ನಾನು ಟೈಪ್ ಮಾಡತೊಡಗಿದೆ. ಬಾಯ್ಲರ್, ಡ್ರೈಯರ್... ಮೂರನೆಯದು, 'ಅಳಿಯನ ಫೋನು.'

"ಮಾಲೀಕರ ಅಳಿಯನದೇನ್ರಿ ಮಾವಾ? ಕೊನೆಗೂ ಬಿಟ್ರಿ?"

"ಅವಂದ್ಯಾಕ ಬರೀಲಿ? ನಿಂದು. ಅವತ್ತು ಅಳುಮಾರಿ ಮಾಡ್ಕೊಂಡು ಬಂದಿದ್ದೆಲ್ಲ."

"ನೀವು ಬೈದು ಕಳಿಸಿದ್ರಿ!"

"ಬೈದೆ. ಬೈಕೋತನ ನಿನ್ನ ನಂಬರ್ ಬರಕೊಂಡೆ. ಇಲ್ಲೇ ಚೀಲದ ಮ್ಯಾಲ ಕುಂತು ಓದಿ ಉತ್ತರ ಕಳಿಸಿದೆಲ್ಲೋ."

"ಆ ಫೋನ್ ಕಳದು ಭಾಳ ವರ್ಷ ಆತ್ರಿ. ಬಳಸದ ನಂಬರ್ ಇಡಬಾರ್ದು ಅನ್ನೋರು ನೀವ ಅಲ್ಲೇನ್ರಿ?"

ಮಾವ ಕಪ್ಪು ಕನ್ನಡಕ ಸರಿಮಾಡಿಕೊಂಡರು. "ಇರ್ಲಿ ಬಿಡು. ಜಲ್ದಿ ಬರಿ, ಬೆಂಕಿ ಹಚ್ಚಬೇಕು."

ಬರೆದೆ. ಸ್ವಲ್ಪ ಹೊತ್ತಿಗೆ ಬಾಯ್ಲರಿನ ಅಂಕಿ ಪರದೆಯ ಮೇಲೆ ಮೂಡಿತು, ಹಬೆ ಎದ್ದಿತು, ಬೆಂದ ಭತ್ತದ ಅದೇ ಬಿಸಿ ವಾಸನೆ ಬಂತು.

ಹೊಸಪೇಟೆ ಬಸ್ ನಿಲ್ದಾಣದಲ್ಲಿ ಭತ್ತ ಬೇಯಿಸುವವರು ಯಾರು?