ಗ್ವಾಡಿ ನೀಲಿ ಆದದ್ದು, ಗಿಣಿ ಕೋಳಿ ಆದದ್ದು

ಸುಣ್ಣಾ-ಬಣ್ಣಾ ಹಚ್ಚೋ ಕೆಲಸದಾಗ ಇದ್ದಾಂವಗ ನಗಿ ಹುಡುಕ್ಕೊಂಡು ಹೋಗೋ ದರ್ದು ಇಲ್ರಿ. ಮಂದಿ ಹೊರಗ ಎಷ್ಟ ಶಾಣ್ಯಾರಾಗಿದ್ರೂ ತಮ್ಮ ಮನಿ ಗ್ವಾಡಿ ಮುಂದ ನಿಂತ್ರಂದ್ರ ಒಂದಿಲ್ಲೊಂದು ಹುಚ್ಚಾಟ ಮಾಡೇ ಮಾಡ್ತಾರ. ಆ ಮಂದ್ಯಾಗ ನಾನೂ ಒಬ್ಬಾಂವ.

ಇವು ನಲವತ್ತೇಳು-ನಲವತ್ತೆಂಟರ ಮಾತು. ನಮ್ಮೂರು ಆಳಂದ. ಕೆಲಸ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ. ದೇಶಕ್ಕ ಸ್ವಾತಂತ್ರ್ಯ ಬಂದಿತ್ತು, ನಮಗ ಇನ್ನೂ ಬಂದಿದ್ದಿಲ್ಲ, ನಿಜಾಮರ ರಾಜ್ಯ ನಡದಿತ್ತು. ಹಿರೇರಿಗೆಲ್ಲಾ ಅದರ ಫಿಕರ್ ಇದ್ರ ನನಗ ನನ್ನ ಲಗ್ನದ ಫಿಕರ್. ವಯಸ್ಸು ಇಪ್ಪತ್ತಾರು ದಾಟಿತ್ತು. ಅಪ್ಪ ಇಲ್ಲ, ಮನ್ಯಾಗ ನಾನು, ನಮ್ಮವ್ವ ಇಬ್ಬರೇ. ಹೆಣ್ಣಿನ ಕಡ್ಯಾವ್ರು ಬಂದು, ಮನಿ ನೋಡಿ, ಸುಸಲಾ ತಿಂದು, ತಿಳಸ್ತೇವಿ ಅಂತ ಹೇಳಿ ಹೋಗ್ತಿದ್ರು. ಯಾರೂ ತಿಳಸ್ತಿದ್ದಿಲ್ಲ.

ಸಾಹುಕಾರರ ನೀಲಿ

ಆಳಂದದಾಗ ತೊಗರಿ ವ್ಯಾಪಾರದ ಸಾಹುಕಾರರೊಬ್ಬರು ಪಡಸಾಲಿಗೆ ಸುಣ್ಣಾ ಹಚ್ಚಾಕ ಕರದಿದ್ರು. ಸುಣ್ಣಾ ಬೆಳ್ಳಗ ಕಾಣ್ಲಿ ಅಂತ ಅದರಾಗ ಚೂರು ನೀಲಿ ಬೆರಸ್ತೇವಿ. ನೀಲಿಯನ್ನ ಅರಿವ್ಯಾಗ ಗಂಟು ಕಟ್ಟಿ, ಸುಣ್ಣದ ಬಾನ್ಯಾಗ ಎರಡು ಸುತ್ತು ತಿರುವಿ ತಗೀಬೇಕು. ನಾ ಗಂಟು ಬಾನ್ಯಾಗ ಇಳಿಬಿಟ್ಟೆ, ಅಷ್ಟ್ರಾಗ ನಮ್ಮ ಸೋದರಮಾವ ಬಾಗಿಲಿಗೆ ಬಂದು ಒಂದು ಹೆಣ್ಣಿನ ಸುದ್ದಿ ತಗದ. ಸುದ್ದಿ ಮುಗಿಯೋತನಾ ಗಂಟು ಬಾನ್ಯಾಗೇ ಕುಂತಿತ್ತು. ಪಡಸಾಲಿಗೆ ಖಿಡಕಿ ಇಲ್ಲ, ಮ್ಯಾಲಿನ ಬೆಳಕಿಂಡಿಗೆ ಧೂಳ ಬೀಳಬಾರದಂತ ಚೀಲ ಹೊಚ್ಚಿದ್ದೆ. ಆ ಕತ್ತಲದಾಗ ಹೆಣ್ಣಿನ ವಿಚಾರ ಮಾಡಕೋತ ನಾಕೂ ಗ್ವಾಡಿ ಮುಗಿಸಿ ಚೀಲ ಎಳದು ನೋಡ್ತೇನಿ, ಗ್ವಾಡಿ ನೀಲಂದ್ರ ನೀಲಿ.

ಸಾಹುಕಾರರು ಬಂದು ನೋಡಿ ಬಾಯಿ ತಗದ್ರು. ಬೈಗುಳ ಹೊರಗ ಬೀಳೋದ್ರಾಗ, ಊರೂರು ತಿರುಗಿ ನೋಡೋ ದೌರೆಕ್ಕ ಬಂದಿದ್ದ ತಹಸೀಲ್ದಾರ್ ಸಾಹೇಬ್ರು ಒಳಗ ಬಂದು, ಸುತ್ತಲೂ ನೋಡಿ, ಹೈದರಾಬಾದಿನ ಹೊಸಾ ಫ್ಯಾಶನ್ ಏನ್ರಿ ಅಂತ ಕೇಳಿದ್ರು. ಸಾಹುಕಾರರು ತಗದ ಬಾಯಿಲೇ ನಕ್ಕು, "ಹೌದ್ರಿ, ಖಾಸ ಹೇಳಿ ಮಾಡಿಸೇನಿ" ಅಂದ್ರು.

ದೀವಳಗಿ ಬರೋದ್ರಾಗ ಅರ್ಧ ಆಳಂದಕ್ಕ ಸಾಹುಕಾರರ ನೀಲಿನೇ ಬೇಕಾತು. ನಾ ಎಷ್ಟು ಹುಷಾರಿಲೆ ಬೆರಸಿದ್ರೂ ಆ ಬಣ್ಣ ಮಾತ್ರ ಬರವಲ್ದು. ಒಬ್ಬ ಪಟವಾರಿಗೆ ಸಿಟ್ಟು ಬಂತು. ಸಾಹುಕಾರರ ಮನ್ಯಾಗ ಮನಸ್ಸಿಟ್ಟು ಮಾಡೀದಿ, ನಮ್ಮನ್ಯಾಗ ಯಾಕ ಇಡವಲ್ಲಿ ಅಂತ ಕೇಳಿದ. ಅಲ್ಲಿ ಮನಸ್ಸು ಇಡದೇ ಇದ್ದದ್ದಕ್ಕೇ ಆ ಬಣ್ಣ ಬಂತು ಅಂತ ಅವನಿಗೆ ಹೆಂಗ ಹೇಳ್ಲಿ?

ವಕೀಲರ ಫ್ರೇಮು

ಅಫಜಲಪುರದಾಗ ಒಬ್ಬ ವಕೀಲರಿದ್ರು. ಮಂದಿ ಮಾಡಿದ್ದು ಮಾಡೋ ಮನಷ್ಯಾ ನಾ ಅಲ್ಲ ಅಂತ ತಾವೇ ಹೇಳ್ಕೋತಿದ್ರು. ನನ್ನ ಕರಸಿ, ಊರಾಗ ಯಾರ ಮನ್ಯಾಗೂ ಇರದಂಥಾ ಬಣ್ಣ ಹಚ್ಚು ಅಂದ್ರು. ಹಳದಿ ತೋರಿಸಿದೆ, ಲಗ್ನದ ಮನಿ ಆಗ್ತದ ಅಂದ್ರು. ಗುಲಾಬಿ ತೋರಿಸಿದೆ, ನಕ್ಕುಬಿಟ್ರು. ಮೂರು ದಿನಾ ವಿಚಾರ ಮಾಡಿ ನೀಲಿ ಅಂದ್ರು. ಆಳಂದದ ಫ್ಯಾಶನ್ ಇಲ್ಲೀತನಾ ಬಂದದ, ಅದು ಎಲ್ಲಾರ ಮನ್ಯಾಗೂ ಅದರಿ ಅಂದೆ. "ಅವರು ಒಬ್ರನ್ನ ನೋಡಿ ಒಬ್ರು ಹಚ್ಚ್ಯಾರ. ನಾ ವಿಚಾರ ಮಾಡಿ ಹಚ್ಚಾಕತ್ತೇನಿ" ಅಂದ್ರು.

ಅವರ ಪಡಸಾಲ್ಯಾಗ ಒಂದು ಫೋಟೋ ಇತ್ತು. ಆ ಕಾಲಕ್ಕ ಮರ್ಯಾದಸ್ತರ ಮನ್ಯಾಗ ನಿಜಾಮರ ಫೋಟೋ ಹಾಕೋದು ರೂಢಿ, ಅದೂ ಪ್ರೀತಿಗಿಂತ ಅಂಜಿಕಿಗೇ ಜಾಸ್ತಿ. ಇವರ ಫ್ರೇಮಿಗೆ ಮಾತ್ರ ಎರಡೂ ಕಡೆ ಗಾಜು. ಒಂದು ಕಡೆ ನಿಜಾಮರು, ಇನ್ನೊಂದು ಕಡೆ ದಿಲ್ಲಿಯ ಮುಖಂಡರು. ಗಾಳಿ ಯಾವ ಕಡೆ ಅದ ಅಂತ ನೋಡಿ ತಿರುಗಿಸ್ತಿದ್ರು.

ನಲವತ್ತೆಂಟರ ಸಪ್ಟೆಂಬರದಾಗ ಸೋಲಾಪುರ ಕಡೆಯಿಂದ ದಿಲ್ಲಿ ಸರಕಾರದ ದಂಡು ಬಂತು, ನಿಜಾಮರ ರಾಜ್ಯ ಮುಗೀತು. ವಕೀಲರು ಅವತ್ತೇ ಫ್ರೇಮು ದಿಲ್ಲಿ ಕಡೆ ಹೊಳ್ಳಿಸಿದ್ರು. ಮುಂದಿನ ವಾರ ನಾ ಗ್ವಾಡಿ ಬಳ್ಯಾಕ ಅದನ್ನ ಇಳಿಸಿ, ಕೆಲಸ ಮುಗದ ಮ್ಯಾಲ ಕೈಗೆ ಬಂದಂಗ ತೂಗಹಾಕಿದ್ದೆ. ಅದೇ ದಿನಾ ದಂಡಿನ ಅಧಿಕಾರಿ ಒಬ್ರು ಊರ ಹಿರೇರನ್ನ ಕಾಣಾಕ ಬಂದ್ರು. ವಕೀಲರು ಅವರನ್ನ ಒಳಗ ಕರಕೊಂಡು ಬಂದು, ಗ್ವಾಡಿಗೆ ಬೆನ್ನು ಮಾಡಿ ನಿಂತು, ಹಿಂದಕ್ಕ ಕೈ ತೋರಿಸಿ, ನಾವು ಮೊದಲಿಂದನೂ ಇವರ ಭಕ್ತರ್ರಿ ಅಂದ್ರು. ಅಧಿಕಾರಿ ಮಾರಿ ಗಂಟ ಹಾಕ್ಕೊಂಡ್ರು. ನಾ ನೋಡ್ತೇನಿ, ಗ್ವಾಡಿ ಮ್ಯಾಲ ನಿಜಾಮರು.

ವಕೀಲರು ತಿರುಗಿ ನೋಡಿದ್ರು. ಫ್ರೇಮು ಹೊಳ್ಳಿಸಿ, "ಸಾಹೇಬ್ರ, ನಮ್ಮವರಿಗೆ ಧಕ್ಕಿ ಆಗಬಾರದಂತ ಇವರನ್ನ ಮುಂದ ಕಾವಲಿಗೆ ನಿಲ್ಲಿಸಿದ್ದೆ" ಅಂದ್ರು.

ಅವ್ವನ ಗಿಣಿ

ಫ್ರೇಮಿನ ಗುಟ್ಟು ನಾ ಹೊರಗ ಬಿಡಲಿಲ್ಲಂತ ಖುಷಿಯಾಗಿ ಆ ವಕೀಲರೇ ನನಗೊಂದು ಹೆಣ್ಣು ಹೇಳಿದ್ರು. ಜೇವರ್ಗಿಯೊಳಗ ಅವರ ಕಡೆ ಕೇಸು ಕೊಟ್ಟಿದ್ದ ಪಕ್ಷಗಾರ ಒಬ್ಬಾಂವ, ನಮ್ಮ ಪೈಕಿನೇ, ಅವನ ಮಗಳು. ಆದ್ರ ಹಿಂದೊಮ್ಮೆ ಆಳಂದಕ್ಕ ಬಂದಾಗ ನೋಡಿದ್ದ ನಮ್ಮ ಮನಿ ನೆನೆಸ್ಕೊಂಡು ವಕೀಲರು ಮಾರಿ ಸಣ್ಣ ಮಾಡಿದ್ರು. ನಮ್ಮವ್ವ ಗ್ವಾಡಿಗೆ ಕೆಮ್ಮಣ್ಣು ಸಾರಿಸಿ, ಸುಣ್ಣದಾಗ ಕೈಬಟ್ಟು ಅದ್ದಿ ಸಾಲಾಗಿ ಹನ್ನೊಂದು ಗಿಣಿ ಬರೀತಿದ್ಲು. ಊರಿಗೆಲ್ಲಾ ನೀಲಿ ಹಚ್ಚಿ, ನಿನ್ನ ಮನ್ಯಾಗ ಹಳ್ಳಿ ಗಿಣಿ ಇಟ್ಕೊಂಡ್ರ ಯಾರು ಹೆಣ್ಣು ಕೊಡ್ತಾರ ಅಂದ್ರು ವಕೀಲರು.

ನನಗ ಖರೆ ಅನಿಸ್ತು. ಗಿಣಿ ಅಳಿಸಿ ನೀಲಿ ಹಚ್ತೇನಿ ಅಂತ ಅವ್ವಗ ಹೇಳಿದೆ. "ಊರ ಮಂದಿ ಗ್ವಾಡಿ ಊರ ಮಂದಿ ನೋಡ್ಕೋಲಿ. ನನ್ನ ಗ್ವಾಡಿ ದಿನಾ ನೋಡಾಕಿ ನಾನು" ಅಂದ್ಲು. ಮುಂದ ಅಕಿ ಅಂದೋಲಾ ಮಠಕ್ಕ ಹ್ವಾದಾಗ ನಾ ಗಿಣಿ ಮ್ಯಾಲ ನೀಲಿ ಎಳದುಬಿಟ್ಟೆ. ಎರಡು ದಿನ ಬಿಟ್ಟು ಬಂದಾಕಿ ತಲಿ ಮ್ಯಾಲಿನ ಗಂಟು ಇಳಿಸಿ, ಗ್ವಾಡಿ ನೋಡಿ, ಒಳಗ ಹೋಗಿ ರೊಟ್ಟಿ ಬಡಿಯಾಕ ಕುಂತ್ಲು. ಬೈದಿದ್ರ ಹಗುರಾಗ್ತಿತ್ತು.

ಮರುದಿನಾ ಹುಡುಗಿ ಅಪ್ಪ, ಹುಡುಗಿ ಅಜ್ಜಿ ಬಂದ್ರು. ಅಪ್ಪ ನೀಲಿ ನೋಡಿ ಭೇಷ್ ಅಂದ. ಅಜ್ಜಿ ಮಾತ್ರ ನಾಕೂ ಗ್ವಾಡಿ ತಿರುಗಿ ಬಂದು, ಗಿಣಿ ಎಲ್ಲಿ ಅದಾವ ಅಂತ ಕೇಳಿದ್ಲು. ಆದದ್ದೇನಂದ್ರ, ವಕೀಲರು ನಮ್ಮ ಮನಿ ಚ್ಯಾಷ್ಟಿ ಮಾಡಿದ್ದು ಹುಡುಗಿ ಕಿವಿಗೆ ಬಿದ್ದಿತ್ತು. ಅಕಿಗೂ ಗ್ವಾಡಿ ಮ್ಯಾಲ ಚಿತ್ರ ಬರಿಯೋ ಹುಚ್ಚು. ಅಪ್ಪ ಫ್ಯಾಶನ್ ಅಂತ ಹೇಳಿ ಅಕಿ ಬರದದ್ದೆಲ್ಲಾ ನೀಲ್ಯಾಗ ಮುಚ್ಚಿಸಿದ್ದ. ಗಿಣಿ ಇರೋ ಮನಿ ಅಂತ ಕೇಳೇ ಅಕಿ ಹ್ಞೂಂ ಅಂದಿದ್ಲು. ಗಿಣಿ ಇಲ್ಲದ ಮನಿಗೆ ನಮ್ಮ ಹುಡುಗಿ ಬರಂಗಿಲ್ಲ ಅಂತ ಅಜ್ಜಿ ಎದ್ದೇ ನಿಂತ್ಲು.

ನಾ ಅವ್ವನ ಮಾರಿ ನೋಡಿದೆ. ಅವ್ವ ಅಜ್ಜಿ ಕಡೆ ತಿರುಗಿ, "ಎಂಟು ದಿನಾ ಬಿಟ್ಟು ಬರ್ರಿ. ಗಿಣಿ ಇರ್ತಾವ. ಅಳಿಸಿದಾಂವನೇ ಬರೀತಾನ" ಅಂದ್ಲು.

ಮೂರೂ ಊರಿನ ಗ್ವಾಡಿ ಬಳದ ಕೈಗೆ ಒಂದು ಗಿಣಿ ಬರಿಯಾಕ ಬರವಲ್ದು. ನೀಲಿ ಕೆರದು, ಕೆಮ್ಮಣ್ಣು ಸಾರಿಸಿ ಕುಂತೆ. ಬಾಲ ಸರಿ ಮಾಡಿದ್ರ ಕೊಕ್ಕು ಸೊಟ್ಟ, ಕೊಕ್ಕು ಸರಿ ಮಾಡಿದ್ರ ಹೊಟ್ಟಿ ದಪ್ಪ. ಅವ್ವ ಎದುರಿಗೆ ತೊಗರಿ ಹಸನ ಮಾಡಕೋತ ಕುಂತಾಕಿ ತಿದ್ದಲಿಲ್ಲ, ನಗಲೂ ಇಲ್ಲ. ಬಾಜೂ ಮನ್ಯಾಕಿ ಇಣುಕಿ, ಗ್ವಾಡಿ ತುಂಬಾ ಕೋಳಿ ಯಾಕ ಬರದೀರಿ ಅಂತ ಕೇಳಿ ಹ್ವಾದ್ಲು.

ಎಂಟನೇ ದಿನಾ ಅಜ್ಜಿ ಬಂದು ಹನ್ನೊಂದನ್ನೂ ಒಂದೊಂದಾಗಿ ನೋಡಿದ್ಲು. ಇವು ಗಿಣಿ ಅಲ್ಲ ಅಂದ್ಲು. ಇನ್ನ ನನಗ ಲಗ್ನ ಇಲ್ಲ ಅಂದ್ಕೊಂಡೆ. ಅಜ್ಜಿ ಅವ್ವನ ಬಾಜೂ ಕುಂತು, "ಬರಿಯಾಕ ಬರಂಗಿಲ್ಲ ಖರೆ. ಆದ್ರ ಎಂಟು ದಿನಾ ಹೇಳಿದ್ದು ಕೇಳಿ ಕುಂತಾನಲ್ಲ, ಇಂಥಾ ಗಂಡಸು ಜೇವರ್ಗ್ಯಾಗ ಇಲ್ಲವ್ವಾ. ಹುಡುಗೀನ್ನ ಕೊಟ್ಟೇವಿ" ಅಂದ್ಲು. ಅವ್ವ ಎಂಟು ದಿನಾ ತಡದಿದ್ದ ನಗಿ ಅವತ್ತು ಓಣಿಗೆಲ್ಲಾ ಕೇಳಿಸ್ತು.

ಲಗ್ನ ಆತು. ಹೆಂಡತಿ ಮನಿಗೆ ಬಂದ ಐದನೇ ದಿನಕ್ಕ ಹಸಿ ಅರಿವಿ ಹಿಡದು ನನ್ನ ಗಿಣಿ ಒರಸಾಕ ಸುರು ಮಾಡಿದ್ಲು. ಹತ್ತು ಒರಸಿದ ಮ್ಯಾಲ ಅತ್ತಿ-ಸೊಸಿ ಕೂಡಿ ಹತ್ತು ಚಂದನ್ನ ಗಿಣಿ ಬರದ್ರು. ಬಾಗಿಲಾ ಎದುರಿಗೆ ಇದ್ದ ನಂದೊಂದನ್ನ ಮಾತ್ರ ಹಂಗೇ ಬಿಟ್ರು. ನನಗ ಕಣ್ಣಾಗ ನೀರ ಬಂತು ನೋಡ್ರಿ. ನನ್ನ ಕೈಯಾಗಿಂದು ಒಂದಾದ್ರೂ ನಿನಗ ಪಸಂದ ಆತಲ್ಲ ಅಂತ ಅಂದೇಬಿಟ್ಟೆ.

ಹೆಂಡತಿ ಅರಿವಿ ಹಿಂಡಕೋತ, "ಪಸಂದ ಏನಿಲ್ರಿ. ಇಷ್ಟು ಚಂದ ಮನಿಗೆ ಯಾರದರೇ ದೃಷ್ಟಿ ಆಗಬಾರದಲ್ಲ, ಅದಕ್ಕ ಇರ್ಲಿ ಅಂತ ಬಿಟ್ಟೇವಿ" ಅಂದ್ಲು.